ಜುಟ್ಟಿನ ಗಿಳಿಯ ಮೊದಲ ಬಹುಮಾನ

ಆಸ್ಟ್ರೇಲಿಯಾದ ವೈನ್ ಪಂಡಿತರು ಸ್ಪರ್ಧೆಗೆ ಬಂದ ಏಳು ತೋಟಗಳ ವೈನ್ ರುಚಿ ನೋಡಿ ಊಟಕ್ಕೆ ಎದ್ದದ್ದೇ ತಡ, ಜುಟ್ಟಿನ ಬಿಳಿ ಗಿಳಿ ಮೇಜಿಗೆ ಹಾರಿತು. ಬೆಳಗಿನಿಂದ ಕಿಟಕಿಯಲ್ಲಿ ಕಣ್ಣು ಮುಚ್ಚಿ ಕೂತು, ಅದು ಅವರ ಮಾತನ್ನೆಲ್ಲ ಬಾಯಿಪಾಠ ಮಾಡಿತ್ತು. ಒಂದೊಂದು ಗ್ಲಾಸಿಗೂ ಕೊಕ್ಕು ಅದ್ದಿ, "ಇದು ಬರೀ ಹುಳಿ! ಇದರಲ್ಲಿ ಸತ್ವವೇ ಇಲ್ಲ!" ಎಂದು ಮೂಗು ಮುರಿಯಿತು. ಕೊನೆಗೆ ನಡುವಿನ ಹಿತ್ತಾಳೆ ಪಾತ್ರೆಯಿಂದ ಗಟಗಟನೆ ಕುಡಿಯಿತು.

"ಆಹಾ! ಏಳು ತೋಟಗಳ ದ್ರಾಕ್ಷಿಯೂ ಇದರಲ್ಲಿದೆ. ಮೊದಲ ಬಹುಮಾನ ನಿನಗೇ!"

"ಏಳು ತೋಟದ್ದೂ ಇರುವುದು ನಿಜ ಸ್ವಾಮಿ," ಎಂದಿತು ಪಾತ್ರೆ. "ಪಂಡಿತರು ಮುಕ್ಕಳಿಸಿ ಉಗುಳುವುದು ನನ್ನೊಳಗೇ."

ಗಿಳಿಯ ಜುಟ್ಟು ನೆಟ್ಟಗೆ ನಿಂತಿತು. "ಅಯ್ಯಯ್ಯೋ! ಉಗುಳುತ್ತಾರೆಯೇ?"

"ಬೆಳಗಿನಿಂದ ಕಿಟಕಿಯಲ್ಲಿ ಕೂತವರು ತಾವು. ಅವರ ಬಾಯಿಂದ ಬಂದದ್ದು ಬರೀ ಮಾತೆಂದುಕೊಂಡಿರಾ?"