ಹೊಲಿಗೆ ಬಿಡದ ಮಿಣಿ

“ಗುರುಗಳೇ, ಎದೆಯಲ್ಲಿ ಕಟ್ಟಿಕೊಂಡಿದ್ದ ನಾಳ ಒಂದೇ ಒಂದು. ಅದನ್ನು ಡಾಕ್ಟರು ಬಿಡಿಸಿ, ಸ್ಟೆಂಟು ಕೂರಿಸಿ, ಮನೆಗೆ ಕಳಿಸಿದರು. ಈಗ ತಮ್ಮ ಪಾಡಿಗೆ ತಾವಿರುವ ಇನ್ನೆರಡು ನಾಳಕ್ಕೆ ಯಾಕೆ ಕೈ ಹಾಕಬೇಕು?”

ಕೇಳಿದವನು ಶಿಷ್ಯ ಕೊಟ್ರಬಸಪ್ಪ. ಹಾರ್ಟ್ ಅಟ್ಯಾಕ್ ಆಗಿ ಬಹಳ ದಿನವಾಗಿರಲಿಲ್ಲ. ಉಳಿದ ಎರಡು ನಾಳವೂ ಸಣ್ಣಗಾಗಿವೆ, ಸ್ವಲ್ಪ ಸುಧಾರಿಸಿಕೊಂಡು ಬನ್ನಿ, ಅವನ್ನೂ ಸರಿಮಾಡೋಣ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬರಹೇಳಿದ ದಿನ ದಾಟಿ ಹೋಗಿತ್ತು.

ಗುರುಗಳು ಕಣ್ಣು ಮುಚ್ಚಿದರು. ಧ್ಯಾನಕ್ಕಲ್ಲ, ಸಿಟ್ಟು ನುಂಗಲಿಕ್ಕೆ. ಇದೇ ಪ್ರಶ್ನೆಯನ್ನು ಕೊಟ್ರಬಸಪ್ಪ ಪೂಜೆಗೆ ಮುಂಚೆ ಕೇಳಿದ್ದ, ಪ್ರಸಾದದ ಪಂಕ್ತಿಯಲ್ಲಿ ಬಾಯ್ತುಂಬ ಅನ್ನ ಇಟ್ಟುಕೊಂಡೂ ಕೇಳಿದ್ದ. ಹೋಗಪ್ಪಾ, ಡಾಕ್ಟರು ಹೇಳಿದ್ದು ಮಾಡಿಸಿಕೋ ಎಂದು ಅವರು ಹೇಳಿಯಾಗಿತ್ತು. ಅವನು ತಲೆಯಾಡಿಸಿ, ಮತ್ತೆ ಕೇಳುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಪಾರವ್ವನಿಗೂ ಸಾಕಾಗಿತ್ತು. “ನೀವೇ ಬೈಯಿರಿ ಗುರುಗಳೇ. ನಾನು ಹೇಳಿದರೆ ಗೋಡೆಗೆ ಹೇಳಿದ ಹಾಗೆ. ನೋಡೋಕೆ ಬಂದವರಿಗೆಲ್ಲ ಆಸ್ಪತ್ರೆಯ ಸೀಡಿ ಹಾಕ್ತಾರೆ, ಮದುವೆ ವಿಡಿಯೋ ತೋರಿಸಿದ ಹಾಗೆ. ‘ಇಲ್ನೋಡಿ, ನನ್ನ ಸ್ಟೆಂಟು!’ ಅಂತಾರೆ. ಅದರ ಪಕ್ಕದ ನಾಳವನ್ನೂ ತೋರಿಸಿ ಅಂದರೆ ಟೀವಿ ಆರಿಸ್ತಾರೆ.”

“ನೋವೇ ಇಲ್ಲವಲ್ಲೇ!” ಎಂದ ಕೊಟ್ರಬಸಪ್ಪ.

“ಒಂದು ಕತೆ ಹೇಳುತ್ತೇನೆ,” ಎಂದರು ಗುರುಗಳು. “ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರು.”

ಒಬ್ಬ ರೈತನಿದ್ದ. ಬಾವಿಯಿಂದ ಕಪಿಲೆ ಹೊಡೆದು ನೀರೆತ್ತುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ, ಮಿಣಿ ಎಂಬ ದಪ್ಪ ತೊಗಲಿನ ಹಗ್ಗವು ನೀರು ತುಂಬಿದ ಚೀಲವನ್ನು ಮೇಲಕ್ಕೆ ಎಳೆಯುತ್ತದೆ. ಎತ್ತಿಗೆ ಎಳೆತ ಹಗುರಾಗಲೆಂದು, ಹೊಡೆಯುವವನು ಮಿಣಿಯ ಮೇಲೆಯೇ ಕೂತು ಇಳಿಯುವುದು ರೂಢಿ.

ಒಂದು ಮುಂಜಾನೆ ಮಿಣಿ ಹರಿಯಿತು. ಎತ್ತುಗಳು ಮುಗ್ಗರಿಸಿದವು. ಪುಣ್ಯಕ್ಕೆ ಎದ್ದು ನಿಂತವು. ಪೈರು ಬಾಡುತ್ತಿತ್ತು. ಮಿಣಿ ಹೊಲಿಯುವವನು ಓಡಿ ಬಂದು, ಹರಿದ ಜಾಗವನ್ನು ಅಲ್ಲೇ ಕೂತು ಹೊಲಿದುಕೊಟ್ಟ. ಹೊರಡುವ ಮುಂಚೆ ಮಿಣಿಯನ್ನು ಉದ್ದಕ್ಕೂ ಕೈಯಿಂದ ಸವರಿ ನೋಡಿದ.

“ಇನ್ನೆರಡು ಕಡೆ ತೊಗಲು ಸವೆದಿದೆ. ಇವತ್ತು ಎತ್ತು ಬೆದರಿವೆ, ಮಿಣಿ ನೆಂದಿದೆ, ಬೇಡ. ಒಣಗಿಸಿಕೊಂಡು ವಾರದೊಳಗೆ ತಗೊಂಡು ಬಾ, ಅವನ್ನೂ ಹೊಲಿದುಬಿಡ್ತೀನಿ.”

“ಹರಿದದ್ದು ಇಲ್ಲಿ ತಾನೆ?”

“ಹೂಂ.”

“ಮತ್ತೆ ಅಲ್ಲಿಗೆ ಯಾಕಯ್ಯ ಸೂಜಿ? ನೀರು ಬರ್ತಾ ಇದೆಯಲ್ಲ!”

ಹೊಲಿಯುವವನು ಹಣೆ ಚಚ್ಚಿಕೊಂಡು ಹೋದ.

ರೈತ ಆ ಹೊಲಿಗೆಗೆ ಅರಿಸಿನ ಕುಂಕುಮ ಹಚ್ಚಿದ. ದೃಷ್ಟಿಯಾಗದಿರಲೆಂದು ನಿಂಬೆಹಣ್ಣು ಕಟ್ಟಿದ. ದಿನಾ ಅದಕ್ಕೊಂದಕ್ಕೇ ಎಣ್ಣೆ ತಿಕ್ಕಿದ. ದಾರಿಯಲ್ಲಿ ಹೋಗುವವರನ್ನು ಕರೆದು, “ಆನೆ ಕಟ್ಟಿ ಎಳೆದರೂ ಬಿಡಲ್ಲ, ಮುಟ್ಟಿ ನೋಡು” ಎನ್ನುತ್ತಿದ್ದ. ಮಿಣಿಯ ಮೇಲೆ ಕೂತಾಗ ಹೊಲಿಗೆ ಅವನ ಕಣ್ಣೆದುರಿಗೇ ಬರುತ್ತಿತ್ತು. ಎತ್ತು ಹೊಡೆಯುವಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದ.

“ನಿಮ್ಮ ಬೆನ್ನ ಹಿಂದೆಯೂ ಮಿಣಿ ಇದೆ. ಒಂದು ಸಲ ತಿರುಗಿ ನೋಡಿ,” ಎಂದಳು ಅವನ ಹೆಂಡತಿ.

“ನೋಡಿದರೆ ಚಿಂತೆ ಹತ್ತುತ್ತೆ,” ಎಂದ ರೈತ.

ವಾರ ಕಳೆಯಿತು. ಮಿಣಿಯನ್ನು ಯಾರೂ ಬಿಚ್ಚಲಿಲ್ಲ. ಆಮೇಲೊಂದು ದಿನ ತುಂಬಿದ ಚೀಲ ಬಾವಿಯ ಬಾಯಿಗೆ ಬಂದಿತ್ತು. ರೈತನ ಬೆನ್ನ ಹಿಂದೆ ಮಿಣಿ ಹರಿಯಿತು. ಎತ್ತುಗಳು ಇಳಿಜಾರಿನಲ್ಲಿ ತಲೆಕೆಳಗಾಗಿ ಉರುಳಿದವು. ಒಂದರ ಕತ್ತು ಮುರಿಯಿತು. ಇನ್ನೊಂದು ಸಂಜೆಯ ತನಕ ನರಳಿ ಸತ್ತಿತು. ಜನ ಓಡಿ ಬಂದಾಗ ರೈತ ಮಣ್ಣಿನಲ್ಲಿ ಕೂತಿದ್ದ. ಮುಂದಿನ ಹಲ್ಲು ಹೋಗಿತ್ತು. ಹೊಲಿದ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ.

“ನೋಡ್ರಪ್ಪಾ, ನೋಡ್ರಿ! ಹೊಲಿಗೆ ಬಿಟ್ಟಿಲ್ಲ!”

ಕೊಟ್ರಬಸಪ್ಪನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಏದುಸಿರು ಬಂದು, ಕೈ ಹೊಟ್ಟೆಯಿಂದ ಎದೆಗೆ ಏರಿತು. ಪಾರವ್ವ ಗಾಬರಿಯಿಂದ ನೀರಿನ ಚೊಂಬು ಹಿಡಿದಳು. ಅವನು ಎರಡು ಗುಟುಕು ಕುಡಿದು ಕಣ್ಣೊರೆಸಿಕೊಂಡ.

“ಎಂಥ ಹೆಡ್ಡ ಗುರುಗಳೇ ಅವನು! ಆಮೇಲೆ ಏನು ಮಾಡಿದ?”

“ಏನು ಮಾಡುತ್ತಾನೆ? ಸಂತೆಗೆ ಹೋಗಿ ಬೇರೆ ಜೋಡಿ ಎತ್ತು ತಂದ.”

“ಹಂಗಾದರೆ ಸರಿಹೋಯಿತು ಬಿಡಿ,” ಎಂದ ಕೊಟ್ರಬಸಪ್ಪ. “ನಾನೆಲ್ಲೋ ದೊಡ್ಡ ಅನಾಹುತ ಆಗಿಬಿಡ್ತೇನೋ ಅಂದುಕೊಂಡಿದ್ದೆ.”

ಗುರುಗಳು ಅವನನ್ನೇ ನೋಡಿದರು. ನುಂಗಲಿಕ್ಕೆ ಇನ್ನು ಸಿಟ್ಟೂ ಉಳಿದಿರಲಿಲ್ಲ. ಪಾರವ್ವ ನೀರಿನ ಚೊಂಬನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅದನ್ನು ನೋಡಿದರು.

“ಎತ್ತು ಹೋದರೆ ರೈತ ಸಂತೆಗೆ ಹೋದ, ನೀನು ಹೋದರೆ ಇವಳು ಯಾವ ಸಂತೆಗೆ ಹೋಗಬೇಕೋ, ಕೊಟ್ರಬಸಪ್ಪ?”