ದಾರಿಗೆಂದು ಕಟ್ಟಿದ ಕಟ್ಟು

ಶಿರಾ ಕಡೆಯ ಹೆದ್ದಾರಿ ಪಕ್ಕದ ಒಂದು ನರ್ಸರಿಯಲ್ಲಿ ಗಂಗಹನುಮಕ್ಕ ಎಂಬ ಹೆಂಗಸು ಕುಂಡದ ಗಿಡಗಳನ್ನು ಕಟ್ಟುವ ಕೆಲಸಕ್ಕಿದ್ದಳು. ಗಿಡ ಬೆಳೆಸುವವರು ಹತ್ತು ಜನ ಇದ್ದರು. ದೂರದ ಊರಿಗೆ ಹೋಗುವ ಗಿಡಗಳನ್ನು ಕಟ್ಟುವವಳು ಅವಳೊಬ್ಬಳೇ.

ಅದೇನು ಮಹಾ ಕೆಲಸ ಎನ್ನಬೇಡಿ. ಮೊದಲು ಗಿಡದ ಕೊಂಬೆಗಳನ್ನೆಲ್ಲ ಮೇಲಕ್ಕೆ ಸೇರಿಸಿ ಹಿಡಿಯಬೇಕು. ಒಂದು ಕೊಂಬೆಯೂ ಮುರಿಯಬಾರದು. ಮಣ್ಣು ಚೆಲ್ಲದಂತೆ ಕುಂಡದ ಬಾಯಿಗೆ ಗೋಣಿತಟ್ಟು ಮುಚ್ಚಬೇಕು. ಕೊಂಬೆಗಳ ಸುತ್ತ ಹಾಳೆ ಸುತ್ತಿ, ಸಣ್ಣ ಹುರಿಯಿಂದ ಬಿಗಿಯಬೇಕು. ಕೊನೆಗೆ ಒಂದು ಬ್ರಹ್ಮಗಂಟು. ಆ ಗಂಟು ಹಾಕುವುದು ಅವಳಿಗೆ ಮಾತ್ರ ಬರುತ್ತಿತ್ತು. ಅವಳು ಕಟ್ಟಿದ ಗಿಡ ಹಳ್ಳ ದಿಣ್ಣೆ ಹಾರಿಕೊಂಡು ಹೋದರೂ ಒಂದು ಮೊಗ್ಗು ಉದುರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಹುರಿ ಎಳೆದೆಳೆದು ಅವಳ ಬೆರಳುಗಳು ಸೀಳುಬಿಟ್ಟಿದ್ದವು. ಸಂಜೆ ಮುದ್ದೆ ಮುರಿಯುವಾಗ ಸಾರಿನ ಖಾರ ತಾಗಿ ಚುರುಗುಟ್ಟುತ್ತಿತ್ತು.

ಹಿಂದೆಲ್ಲ ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಊರು ಸೇರಿದ ಕೂಡಲೇ ಅಂಗಡಿಯವರು ಅದನ್ನು ಹರಿದು ಎಸೆಯುತ್ತಿದ್ದರು. ಈಚೆಗೆ ನರ್ಸರಿಯ ಯಜಮಾನ ಜಗದೀಶಯ್ಯ ಬಣ್ಣಬಣ್ಣದ ಮಿರುಗುವ ಪ್ಲಾಸ್ಟಿಕ್ ಹಾಳೆ ತರಿಸಿದ. "ದಾರಿಗೂ ಆಯ್ತು, ಅಂಗಡೀಲಿ ಜೋಡಿಸೋದಕ್ಕೂ ಆಯ್ತು. ನೋಡೋಕೆ ಲಕ್ಷಣವಾಗಿರ್ತದೆ, ಹನುಮಕ್ಕಾ" ಎಂದ. ನಿಜವಾಗಿಯೂ ಲಕ್ಷಣವಾಗಿತ್ತು. ಗುಲಾಬಿ, ದಾಸವಾಳ, ಸೇವಂತಿಗೆ ಎಲ್ಲವೂ ಮದುವೆಗೆ ಹೊರಟಂತೆ ಕಾಣುತ್ತಿದ್ದವು.

ತಿಂಗಳು ಕಳೆಯುವುದರೊಳಗೆ ದಾವಣಗೆರೆಯ ಗಿಡದ ಅಂಗಡಿಯಿಂದ ದೂರು ಬಂತು. ಗಿಡಗಳು ಸಾಯುತ್ತಿವೆ ಎಂದು.

"ದಾರೀಲಿ ಅಲುಗಾಡಿ ಬೇರು ಸಡಿಲ ಆಗ್ತಿರ್ಬೇಕು. ಇನ್ನೊಂಚೂರು ಬಿಗಿಯಾಗಿ ಕಟ್ಟು" ಎಂದ ಜಗದೀಶಯ್ಯ.

ಅವಳು ಎರಡು ಸುತ್ತಿನ ಕಡೆ ಮೂರು ಸುತ್ತು ಬಿಗಿದಳು. ಮತ್ತೂ ಹೆಚ್ಚು ಗಿಡ ಸತ್ತವು. ನಾಲ್ಕು ಸುತ್ತು ಬಿಗಿದಳು. ಮತ್ತೆ ದೂರು ಬಂತು. ನಮ್ಮಲ್ಲಿ ಬಹಳ ಜನರ ಬುದ್ಧಿ ಹೀಗೇ ಓಡುವುದು. ಕಟ್ಟಿದ್ದರಿಂದ ಕೆಟ್ಟಿತು ಅಂತ ತೋಚುವುದೇ ಇಲ್ಲ, ಕಟ್ಟಿದ್ದು ಸಾಲದಾಯಿತು ಅಂತಲೇ ತೋಚುತ್ತದೆ.

ಕೊನೆಗೆ ಜಗದೀಶಯ್ಯನಿಗೂ ಬೇಸರ ಬಂತು. "ನೋಡು ಹನುಮಕ್ಕಾ, ಈ ಸಲದ ಗಿಡಾನೂ ಉಳೀಲಿಲ್ಲ ಅಂದ್ರೆ ಕಟ್ಟೋ ಕೆಲಸ ಬೇರೇರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಗಂಗಹನುಮಕ್ಕನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಅವಳಿಗೆ ಸಿಟ್ಟು ಬರಲಿಲ್ಲ, ಬರೀ ಸುಸ್ತಾಯಿತು. ಆದರೂ ಗಿಡ ಸಾಯುವುದು ಎಲ್ಲಿ ಎಂದು ಕಣ್ಣಾರೆ ನೋಡಿಬಿಡೋಣ ಎಂದುಕೊಂಡಳು. ಇಷ್ಟು ವರ್ಷ ಗಿಡಗಳನ್ನು ಕಳಿಸಿದ್ದಳೇ ಹೊರತು ಅವು ಹೋಗಿ ಸೇರುವ ಜಾಗವನ್ನು ಒಂದು ಸಲವೂ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಗಿಡ ತುಂಬಿದ ಟೆಂಪೊದಲ್ಲಿ ಡ್ರೈವರ್ ಪಕ್ಕ ಕುಳಿತು ಹೊರಟಳು.

ದಾರಿಯಲ್ಲಿ ಮೂರು ಕಡೆ ಇಳಿದು ನೋಡಿದಳು. ಒಂದು ಎಲೆಯೂ ಬಾಡಿರಲಿಲ್ಲ.

ದಾವಣಗೆರೆಯ ಅಂಗಡಿಯ ಮಾಲೀಕ ಹಾಲೇಶಪ್ಪ ಒಳ್ಳೆಯ ಮನುಷ್ಯ. ಬಂದವಳಿಗೆ ಸ್ಟೂಲು ಹಾಕಿ, ಚಹಾ ತರಿಸಿದ. ಅವಳು ಚಹಾ ಕುಡಿಯುತ್ತ ಅಂಗಡಿಯ ಸುತ್ತ ಕಣ್ಣಾಡಿಸಿದಳು. ಹಲಗೆಗಳ ಮೇಲೆ ಹೋದ ಸಲದ ಗಿಡಗಳು, ಅದರ ಹಿಂದಿನ ಸಲದವು ಸಾಲಾಗಿ ಮಿರುಗುತ್ತಿದ್ದವು. ಎಲ್ಲವೂ ಅವಳು ಕಟ್ಟಿದಂತೆಯೇ ಇದ್ದವು. ಒಂದು ಗಂಟೂ ಬಿಚ್ಚಿರಲಿಲ್ಲ.

"ಇದ್ಯಾಕ್ ಸಾಮಿ, ಇನ್ನೂ ಬಿಚ್ಚೇ ಇಲ್ಲ?"

"ಬಿಚ್ಚೋದ್ಯಾಕ್ರೀ? ಇಷ್ಟ್ ಚೆಂದ ಕಟ್ಟಿ ಕಳಿಸ್ತೀರಿ. ಗಿರಾಕಿಗಳೂ ಹಂಗೇ ಒಯ್ದು ಮನಿಯಾಗ ಇಟ್ಕೊಂತಾರ. ನೀರು ದಿನಾ ಮ್ಯಾಲಿಂದ ಹಾಕ್ತೀವ್ರೀ" ಎಂದ ಹಾಲೇಶಪ್ಪ. ಆಮೇಲೆ ಸ್ವಲ್ಪ ಸಂಕೋಚದಿಂದ ಸೇರಿಸಿದ. "ಒಂದ್ ಸಲ ಬಿಚ್ಚಾಕ ನೋಡಿದೆ. ಉಗುರು ಕಿತ್ತು ಬಂತು, ಗಂಟು ಬರ್ಲಿಲ್ಲ. ಇಂಥಾ ಗಂಟು ಹಾಕಿದೋರು ಬಿಚ್ಚಬಾರ್ದು ಅಂತನ ಹಾಕಿರ್ಬೇಕು ಅನ್ಕೊಂಡು ಸುಮ್ನಾದೆ."

ಗಂಗಹನುಮಕ್ಕ ಒಂದು ಬ್ಲೇಡು ಕೇಳಿ ಇಸಿದುಕೊಂಡಳು. ಹತ್ತಿರದ ಗುಲಾಬಿ ಗಿಡದ ಹುರಿ ಕತ್ತರಿಸಿ ಹಾಳೆ ಬಿಡಿಸಿದಳು. ಒಳಗೆ ಬೆವೆತು ಬೆವೆತು ಎಲೆಗಳು ಕಪ್ಪಾಗಿ ಒಂದಕ್ಕೊಂದು ಅಂಟಿದ್ದವು. ಗೋಣಿತಟ್ಟಿನ ಕೆಳಗೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ದಿನಾ ಹಾಕಿದ ನೀರು ಹಾಳೆಯ ಮೇಲಿಂದ ಜಾರಿ ಹೊರಗೇ ಹರಿದುಹೋಗಿತ್ತು. ನಡುವೆ ಒಂದು ಹೊಸ ಚಿಗುರು ಹೊರಗೆ ಬರಲು ಜಾಗ ಸಿಗದೆ ಬಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ ಬೆಳೆದಿತ್ತು. ಕಟ್ಟು ಬಿಚ್ಚಿದ ಮೇಲೂ ಕೊಂಬೆಗಳು ಹರಡಿಕೊಳ್ಳಲಿಲ್ಲ. ಯಾರೋ ಇನ್ನೂ ಹಿಡಿದುಕೊಂಡಿದ್ದಾರೆ ಎಂಬಂತೆ ನೆಟ್ಟಗೆ ನಿಂತೇ ಇದ್ದವು.

ಅವಳಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಲೇಶಪ್ಪನನ್ನು ಬೈಯಬಹುದಿತ್ತು, ಬೈದಿದ್ದರೆ ತಪ್ಪೂ ಇರಲಿಲ್ಲ.

"ತಪ್ಪು ನಂದೇ ಸಾಮಿ. ಕಟ್ಟೋದು ಕಲ್ತೆ. ಬಂದ್ಮೇಲೆ ಬಿಚ್ಚಿ ಅಂತ ಒಂದ್ ಮಾತು ಹೇಳಿ ಕಳಿಸ್ಲಿಲ್ಲ. ಬಿಚ್ಚೋಕೂ ಆಗ್ದಂಗೆ ಕಟ್ಟಿದೀನಿ."

ಅವತ್ತು ಸಂಜೆಯವರೆಗೂ ಅಲ್ಲೇ ಕುಳಿತು, ಒಂದೊಂದಾಗಿ ಎಲ್ಲ ಗಿಡಗಳ ಕಟ್ಟನ್ನು ಕತ್ತರಿಸಿದಳು. ಕೆಲವು ಉಳಿಯುವಂತಿದ್ದವು. ಬಹಳಷ್ಟು ಉಳಿಯುವಂತಿರಲಿಲ್ಲ.

ಈಗ ಅವಳ ಮುಂದೆ ಒಂದು ಕಷ್ಟದ ಪ್ರಶ್ನೆ ಇತ್ತು. ಬ್ರಹ್ಮಗಂಟು ಬಿಟ್ಟು ಜೀರುಗುಣಿಕೆ ಹಾಕಿದರೆ ಗಿಡ ಬದುಕುತ್ತದೆ. ಜೀರುಗುಣಿಕೆ ಎಂದರೆ ತುದಿ ಹಿಡಿದು ಎಳೆದರೆ ತಾನೇ ಬಿಚ್ಚಿಕೊಳ್ಳುವ ಗಂಟು. ಅದನ್ನು ಎಳೆ ಮಗುವೂ ಬಿಚ್ಚುತ್ತದೆ. ಆದರೆ ಅದನ್ನು ಹಾಕುವುದೂ ಎಲ್ಲರಿಗೂ ಬರುತ್ತದೆ. ಆಮೇಲೆ ಗಂಗಹನುಮಕ್ಕನೇ ಬೇಕು ಎನ್ನುವವರು ಯಾರು? ಊರಿಗೆ ಮರಳುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಕಂಡದ್ದನ್ನು ಹೇಳದೆ ಸುಮ್ಮನಿದ್ದುಬಿಡೋಣ ಎಂದೂ ಒಮ್ಮೆ ಅನ್ನಿಸಿತು. ಆದರೆ ಆ ತಿರುಗಿ ಬೆಳೆದ ಚಿಗುರು ಕಣ್ಣ ಮುಂದಿನಿಂದ ಹೋಗಲೊಲ್ಲದು.

ಮರುದಿನ ಯಜಮಾನನಿಗೆ ಎಲ್ಲ ಹೇಳಿದಳು. ಅವನ ಎದುರೇ ಒಂದು ದಾಸವಾಳದ ಗಿಡಕ್ಕೆ ಹೊಸ ಗಂಟು ಹಾಕಿ ತೋರಿಸಿದಳು.

ಜಗದೀಶಯ್ಯ ತುದಿ ಹಿಡಿದು ಎಳೆದ. ಕಟ್ಟು ಬಿಚ್ಚಿಕೊಂಡಿತು. "ಇದನ್ನ ಯಾರ್ ಬೇಕಾದ್ರೂ ಹಾಕ್ತಾರಲ್ಲ ಹನುಮಕ್ಕಾ?"

"ಹೂಂ ಕಣಣ್ಣ. ಯಾರ್ ಬೇಕಾದ್ರೂ ಬಿಚ್ತಾರೆ."

ಅವಳಿಗೆ ಯಾರೂ ಶಾಲು ಹೊದಿಸಲಿಲ್ಲ. ಈಗ ಕಟ್ಟುವ ಕೆಲಸವನ್ನು ಐದು ಜನ ಮಾಡುತ್ತಾರೆ. ಅವಳು ಅವರಲ್ಲಿ ಒಬ್ಬಳು. ಉಳಿದ ದಿನ ಬಿಸಿಲಲ್ಲಿ ಗಿಡಗಳಿಗೆ ನೀರು ಹಾಕುತ್ತಾಳೆ. ಮೊದಲಿಗಿಂತ ಸೊಂಟ ಹೆಚ್ಚು ನೋಯುತ್ತದೆ. ಪ್ರತಿ ಟೆಂಪೊ ಹೊರಡುವಾಗಲೂ ಡ್ರೈವರಿಗೆ, "ಇಳಿಸಿದ ತಕ್ಷಣ ಬಿಚ್ಚೋಕೆ ಹೇಳಪ್ಪ" ಎಂದು ಹೇಳುವುದನ್ನು ಮಾತ್ರ ಮರೆಯುವುದಿಲ್ಲ.

ಎರಡು ತಿಂಗಳಾದ ಮೇಲೆ ಹಾಲೇಶಪ್ಪನ ಫೋನು ಬಂತು. ಮತ್ತೆ ದೂರೇ ಇರಬೇಕು ಎಂದುಕೊಂಡಳು. ಹೌದು, ದೂರೇ.

"ಏನ್ರೀ ಯಮ್ಮಾ, ನಿಮ್ಮ ಗಿಡ ಎಲ್ಲಾ ಕಡೆ ಕೈಕಾಲು ಚಾಚಿ ಕುಂತಾವ. ಅಂಗಡಿಯಾಗ ನನಗೇ ನಿಲ್ಲಾಕ ಜಾಗ ಇಲ್ಲ. ಈ ಸಲ ಒಂದಿಷ್ಟು ಕಮ್ಮಿ ಕಳಿಸ್ರಿ!"

ಗಂಗಹನುಮಕ್ಕ ನೀರಿನ ಪೈಪು ಕೆಳಗಿಟ್ಟು, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಳು.

ನೀತಿ: ದಾರಿಗೆಂದು ಕಟ್ಟಿದ ಕಟ್ಟನ್ನು ಊರು ಸೇರಿದ ಮೇಲೆ ಬಿಚ್ಚಲೇಬೇಕು. ಗಿಡವಾಗಲಿ, ಮಕ್ಕಳಾಗಲಿ, ಕಾಪಾಡಲೆಂದು ಬಿಗಿದ ಕೈಯೇ ಸಡಿಲಿಸುವುದನ್ನೂ ಕಲಿಯಬೇಕು. ಅದರಿಂದ ನಮ್ಮ ಅಗತ್ಯವೇ ಕಡಿಮೆಯಾದರೂ ಸರಿ.