ಕೊನ್ನಾರಿ ಗಡ್ಡೆ ಕಟ್ಟಿದ್ದು, ಕುಂಬಳ ನೆಲಕ್ಕೆ ಮಲಗಿದ್ದು

ಲೋಕ ಆಗಿನ್ನೂ ಹೊಸದು. ತಾನು ಹೇಗೆ ಬೆಳೆಯಬೇಕು ಅನ್ನುವುದು ಯಾವ ಗಿಡಕ್ಕೂ ಸರಿಯಾಗಿ ಗೊತ್ತಿರಲಿಲ್ಲ.

ಕುಂಬಳ ತುಳಸಿಯ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಅದರ ಎಲೆ ಹೆಬ್ಬೆರಳಿನಷ್ಟು, ಕಾಯಿ ನಿಂಬೆಹಣ್ಣಿನಷ್ಟು. ಕೊನ್ನಾರಿ ಹುಲ್ಲಿಗೆ ಗಡ್ಡೆಯೇ ಇರಲಿಲ್ಲ. ಕೂದಲೆಳೆಯಂಥ ಬೇರು ಬಿಟ್ಟುಕೊಂಡು ಬದುಕುತ್ತಿತ್ತು. ಅಂಬೆಗಾಲಿಡುವ ಕೂಸು ಎಳೆದರೂ ಬುಡಸಮೇತ ಕಿತ್ತು ಬರುತ್ತಿತ್ತು.

ಆ ಕಾಲದಲ್ಲಿ ದ್ಯಾವಮ್ಮ ಅನ್ನುವವಳೊಬ್ಬಳಿದ್ದಳು. ಅವಳ ಗಂಡ ಚೌಡಯ್ಯ. ಮನೆಯ ಹಿಂದೆ ಎರಡು ಚಾಪೆ ಹಾಸುವಷ್ಟು ಜಾಗವಿತ್ತು. ಅದೇ ಅವರ ಹಿತ್ತಿಲು. ದ್ಯಾವಮ್ಮ ಅಲ್ಲಿ ಬದನೆ ಬೀಜ ಹಾಕಿದ್ದಳು. ಸುತ್ತಲಿನ ಯಾರ ಹತ್ತಿರವೂ ಬದನೆ ಬೀಜ ಇರಲಿಲ್ಲ. ಈ ಗಿಡಗಳು ಕಾಯಿ ಬಿಟ್ಟು, ಹಣ್ಣಾಗಿ, ಬೀಜ ಕೊಟ್ಟರೆ ಮಾತ್ರ ಮುಂದಿನ ವರ್ಷ ಬದನೆ.

ಹಾಗಾಗಿ ದ್ಯಾವಮ್ಮ ಬಹಳ ಜತನ ಮಾಡುತ್ತಿದ್ದಳು. ಪಾತ್ರೆ ತೊಳೆದ ನೀರನ್ನು ಬುಡಕ್ಕೆ ಹಾಕುವಳು. ಎಲೆಗೆ ಹುಳು ಕಂಡರೆ ಒಲೆಯ ಬೂದಿ ಉದುರಿಸುವಳು. ಬೆಳಿಗ್ಗೆ ಎದ್ದು ಕಳೆ ಕೀಳುವಳು. ಕಳೆಯೆಂದರೆ ಹೆಚ್ಚಾಗಿ ಕೊನ್ನಾರಿಯೇ. ಅಗೆದ ಮಣ್ಣು, ದಿನಾ ನೀರು. ಅದಕ್ಕೂ ಅಂಥ ಜಾಗವೇ ಇಷ್ಟ.

"ಅಮ್ಮಾ, ನಿನ್ನ ಬದನೆಗಿಂತ ಮುಂಚೆ ನಾನಿಲ್ಲಿದ್ದೆ," ಅಂದಿತು ಕೊನ್ನಾರಿ.

"ಇದ್ದಿರಬಹುದು," ಅಂದಳು ದ್ಯಾವಮ್ಮ. "ಆದರೆ ನಿನ್ನ ಪಲ್ಯ ಮಾಡಕ್ಕಾಗಲ್ಲವಲ್ಲ." ಅಂದವಳೇ ಕಿತ್ತು ಬೇಲಿಯಾಚೆ ಎಸೆದಳು.

ಬೇಲಿಯಾಚೆ ಬಿದ್ದ ಕೊನ್ನಾರಿ ಬಿಸಿಲಿಗೆ ಬಾಡತೊಡಗಿತು. ಹರಿಯುತ್ತಿದ್ದ ಹೊಳೆಯನ್ನು ಕೇಳಿತು, "ಹೊಳೆಯಮ್ಮಾ, ನಾನು ಬದುಕೋದು ಹೇಗೆ?"

"ನನ್ನ ಹಾಗೆ ಓಡು," ಅಂದಿತು ಹೊಳೆ. ಕೊನ್ನಾರಿಗೆ ಓಡಲು ಬರಲಿಲ್ಲ.

ಬೀಸುತ್ತಿದ್ದ ಗಾಳಿಯನ್ನು ಕೇಳಿತು, "ಗಾಳಿಯಣ್ಣಾ, ನಾನು ಬದುಕೋದು ಹೇಗೆ?"

"ನನ್ನ ಹಾಗೆ ಹಾರು," ಅಂದಿತು ಗಾಳಿ. ಕೊನ್ನಾರಿಗೆ ಹಾರಲೂ ಬರಲಿಲ್ಲ.

ಅಷ್ಟರಲ್ಲಿ ಬಿಲದಿಂದ ಹೆಗ್ಗಣವೊಂದು ಮೂತಿ ಹೊರಗೆ ಹಾಕಿತು. ಕೊನ್ನಾರಿ ಅದನ್ನೂ ಕೇಳಿತು.

"ಇರೋದನ್ನೆಲ್ಲ ಹೀಗೆ ಮೇಲೇ ಇಟ್ಟುಕೊಂಡರೆ ಇನ್ನೇನಾಗುತ್ತೆ?" ಅಂದಿತು ಹೆಗ್ಗಣ. "ನನ್ನ ಕಾಳೆಲ್ಲ ಕೆಳಗಿದೆ. ನೀನೂ ಜೀವವನ್ನು ಕೆಳಗಿಡು. ಮೇಲೆ ಎಲೆ ಮಾತ್ರ ಇರಲಿ. ಕಿತ್ತರೆ ಕೀಳಲಿ."

ಕೊನ್ನಾರಿಗೆ ಮಾತು ಹಿಡಿಸಿತು. ಇನ್ನೂ ಹಸಿಯಾಗಿದ್ದ ಒಂದೆಳೆ ಬೇರನ್ನು ಬೇಲಿಯಡಿಯಿಂದ ಹಿತ್ತಿಲೊಳಕ್ಕೆ ನುಗ್ಗಿಸಿತು. ಅಲ್ಲಿ ಮಣ್ಣಿನೊಳಗೆ ತನ್ನ ಜೀವವನ್ನೆಲ್ಲ ಉಂಡೆ ಮಾಡಿ, ಕರಿಮಣಿಯಂಥ ಗಡ್ಡೆ ಕಟ್ಟಿತು. ಅದರಿಂದ ದಾರದಂಥ ಬೇರು, ಬೇರಿನ ತುದಿಗೆ ಇನ್ನೊಂದು ಗಡ್ಡೆ, ಅದರಾಚೆ ಮತ್ತೊಂದು.

ಮಾರನೆಯ ಬೆಳಿಗ್ಗೆ ದ್ಯಾವಮ್ಮ ಎಳೆದಾಗ ಎಲೆ ಕೈಗೆ ಬಂತು. ಗಡ್ಡೆ ಒಳಗೇ ಉಳಿಯಿತು. ಕಿತ್ತ ಕಡೆಯೇ ಮತ್ತೆ ಮೊಳಕೆ. ಮತ್ತೆ ಕಿತ್ತಳು. ಮತ್ತೆ ಮೊಳಕೆ.

ಅವಳಿಗೆ ಸಿಟ್ಟು ಬಂತು. ಕುಡುಗೋಲು ತಂದು ಮಣ್ಣನ್ನು ಕೊಚ್ಚಿದಳು. ದಾರಗಳೆಲ್ಲ ತುಂಡಾದವು. ಬಿಡಿಯಾದ ಒಂದೊಂದು ಗಡ್ಡೆಯೂ ಒಂದೊಂದು ಗಿಡವಾಗಿ ಎದ್ದಿತು.

"ಬೆಂಕಿ ಹಾಕೋಣ ಬಿಡು. ಬೆಂಕಿ ಮುಂದೆ ಯಾರ ಆಟ ನಡೆಯುತ್ತೆ?" ಅಂದ ಚೌಡಯ್ಯ.

"ಬದನೆ?"

"ಬದನೆ ಹತ್ತಿರ ಹಾಕಲ್ಲ. ಈ ಕಡೆ ಮಾತ್ರ."

ಬೆಂಕಿ ಮಾತು ಕೇಳಲಿಲ್ಲ. ಗಾಳಿ ತಿರುಗಿತು, ಬದನೆ ಗಿಡಗಳು ಸುಟ್ಟು ಕರಕಲಾದವು. ಚೌಡಯ್ಯ ಗೋಣಿತಟ್ಟಿನಿಂದ ಬಡಿದೂ ಬಡಿದೂ ಬೆಂಕಿ ಆರಿಸಿದ. ಉಳಿದದ್ದು ಮೂಲೆಯ ಒಂದೇ ಗಿಡ. ಸುಟ್ಟ ನೆಲದಿಂದ ಎಲ್ಲಕ್ಕಿಂತ ಮೊದಲು ತಲೆಯೆತ್ತಿದ್ದು ಕೊನ್ನಾರಿ.

ದ್ಯಾವಮ್ಮ ಉಳಿದ ಗಿಡದ ಪಕ್ಕ ಕೂತು ಅತ್ತಳು. ಚೌಡಯ್ಯ ದೂರ ನಿಂತಿದ್ದ. ಆಮೇಲೆ ಮೆಲ್ಲಗೆ, "ತಪ್ಪಾಯ್ತು ಕಣೇ," ಅಂದ.

"ಆಗಿದ್ದು ಆಯ್ತು. ಆ ಗೋಣಿತಟ್ಟಾದರೂ ತೆಗೆದಿಡಿ," ಅಂದಳು ಅವಳು.

ಅವನು ತೆಗೆದಿಡಲಿಲ್ಲ, ಮರೆತ. ಗೋಣಿತಟ್ಟು ಎಷ್ಟೋ ದಿನ ಅಲ್ಲೇ ಬಿದ್ದಿತ್ತು. ಕೊನೆಗೆ ದ್ಯಾವಮ್ಮನೇ ಗೊಣಗಿಕೊಂಡು ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು. ಸುತ್ತಲೂ ಕೊನ್ನಾರಿ ಹಚ್ಚಗೆ ಎದ್ದಿತ್ತು. ತಟ್ಟಿನ ಅಡಿಯಲ್ಲಿ ಮಾತ್ರ ಬೆಳ್ಳಗೆ, ನೂಲಿನ ಹಾಗೆ ಸೊರಗಿ ಮಲಗಿತ್ತು.

"ಓಹೋ! ನಿನಗೆ ಕುಡುಗೋಲಿನ ಭಯ ಇಲ್ಲ, ಬೆಂಕಿಯ ಭಯ ಇಲ್ಲ. ನೆರಳಿನ ಭಯ ಇದೆ," ಅಂದಳು.



ಆದರೆ ಹಿತ್ತಿಲಿಗೆಲ್ಲ ಹೊದಿಸಲು ಗೋಣಿತಟ್ಟು ಎಲ್ಲಿಂದ ತರುವುದು? ದ್ಯಾವಮ್ಮ ಬದನೆಯನ್ನು ಕೇಳಿದಳು. "ನಾನೊಬ್ಬಳೇ ಉಳಿದಿದ್ದೀನಿ, ನನ್ನ ಬುಡಕ್ಕೇ ನನ್ನ ನೆರಳು ಸಾಲದು," ಅಂದಿತು ಬದನೆ. ಬೇಲಿಯ ಅವರೆ ಬಳ್ಳಿಯನ್ನು ಕೇಳಿದಳು. "ನನಗೆ ಮೇಲೆ ಹತ್ತಿಯೇ ಅಭ್ಯಾಸ," ಅಂದಿತು ಅವರೆ.

ತಿಪ್ಪೆಯ ಪಕ್ಕದಿಂದ ಕುಂಬಳ ಕೂಗಿತು, "ನನ್ನನ್ನು ಯಾರೂ ಕೇಳಲೇ ಇಲ್ಲ!"

"ಹೆಬ್ಬೆರಳಿನಷ್ಟು ಎಲೆ ಇಟ್ಟುಕೊಂಡು ನೀನೇನು ಮಾಡ್ತೀಯೇ?"

"ನಿಂತೂ ನಿಂತೂ ನನಗೆ ಸೊಂಟ ನೋವು. ಮಲಗಕ್ಕೆ ಜಾಗ ಕೊಡು. ಒಂದು ಬುಟ್ಟಿ ತಿಪ್ಪೆಗೊಬ್ಬರ, ಅಕ್ಕಿ ತೊಳೆದ ನೀರು ಕೊಡು. ಎಷ್ಟು ಹರಡ್ತೀನಿ ನೀನೇ ನೋಡು."

ದ್ಯಾವಮ್ಮ ಕುಂಬಳವನ್ನು ಮಣ್ಣುಸಮೇತ ತಂದು ಹಿತ್ತಿಲಿನ ನಡುವೆ ನೆಟ್ಟಳು. ದಿನಾ ಅಕ್ಕಿ ತೊಳೆದ ನೀರು ಹಾಕಿದಳು. ಕುಂಬಳ ನೆಲಕ್ಕೆ ಮೈಚಾಚಿ ಮಲಗಿತು. ಮೊದಲು ಅಂಗೈಯಗಲ ಎಲೆ ಬಿಟ್ಟಿತು. ಆಮೇಲೆ ತಟ್ಟೆಯಗಲ ಬಿಟ್ಟಿತು. ಬಳ್ಳಿ ಇನ್ನೂ ತಲುಪದ ಕಡೆ ಚೌಡಯ್ಯ ತರಗೆಲೆ ಬಾಚಿ ತಂದು ದಪ್ಪಗೆ ಹಾಸಿದ. ಈ ಸಲ ಅವನು ಯಾವುದನ್ನೂ ಮರೆಯಲಿಲ್ಲ.

"ಕುಂಬಳಕ್ಕಾ, ಸ್ವಲ್ಪ ಸರಿ. ಬಿಸಿಲು ಬರಲಿ," ಅಂದಿತು ಅಡಿಯಿಂದ ಕೊನ್ನಾರಿ.

"ನಾನೀಗ ತಾನೇ ಮಲಗಿದ್ದೀನಿ," ಅಂದಿತು ಕುಂಬಳ.

ಕೊನ್ನಾರಿ ದ್ಯಾವಮ್ಮನ ಕಡೆ ತಿರುಗಿತು. "ಅಮ್ಮಾ, ಇವಳು ಮಲಗಿದ ಕಡೆ ನಾನು ತಲೆಯೆತ್ತಲ್ಲ. ಆದರೆ ಹಿತ್ತಿಲು ಬಿಟ್ಟು ಹೋಗೋದೂ ಇಲ್ಲ. ಬರೀ ನೆಲ ಕಂಡರೆ ಬರ್ತೀನಿ."

"ಬಾ," ಅಂದಳು ದ್ಯಾವಮ್ಮ. "ನೀರು ಹಾಕಕ್ಕೆ ದಿನಾ ಬರ್ತೀನಲ್ಲ, ನೀನು ಕಂಡ ಕಡೆ ಕೀಳ್ತೀನಿ. ದಿನಾ ಎಲೆ ಬಿಟ್ಟೂ ಬಿಟ್ಟೂ ನಿನ್ನ ಗಡ್ಡೆಗೂ ಸುಸ್ತಾಗಲಿ."

ಹಾಗೆಯೇ ನಡೆಯಿತು. ಕೊನ್ನಾರಿ ಪೂರ್ತಿ ಸಾಯಲಿಲ್ಲ, ದ್ಯಾವಮ್ಮನೂ ಬಿಡಲಿಲ್ಲ. ಮೂಲೆಯ ಬದನೆ ಗಿಡ ಚೇತರಿಸಿಕೊಂಡು ಕಾಯಿ ಬಿಟ್ಟಿತು. ಆ ವರ್ಷ ಮನೆಯಲ್ಲಿ ಯಾರೂ ಬದನೆ ಪಲ್ಯ ತಿನ್ನಲಿಲ್ಲ. ಎಲ್ಲ ಕಾಯಿಯನ್ನೂ ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಇಟ್ಟಳು ದ್ಯಾವಮ್ಮ. ಊಟಕ್ಕೆ ಕುಂಬಳಕಾಯಿ ಇತ್ತು. ಮಲಗಿ ಬೆಳೆದ ಕಾಯಿ, ಒಬ್ಬರೇ ಎತ್ತಲಾಗದಷ್ಟು ದಪ್ಪ.

ಅದಕ್ಕೇ ಮಗು, ಇವತ್ತಿಗೂ ಕೊನ್ನಾರಿಯನ್ನು ಎಳೆದರೆ ಎಲೆ ನಿನ್ನ ಕೈಗೆ ಬರುತ್ತೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತೆ; ಕುಂಬಳದ ಎಲೆ ಎತ್ತಿ ನೋಡಿದರೆ ಮಾತ್ರ ಅಡಿಯಲ್ಲಿ ಬರೀ ತಂಪು ಮಣ್ಣಿರುತ್ತೆ.